ಪುಟದಂಚಿನ ಸಾಕ್ಷಿ

ಪುಸ್ತಕವನ್ನು ಓದುತ್ತಿರುವಾಗಲೇ ಸಾಲಿನ ಕೆಳಗೆ ಗೆರೆ ಎಳೆಯುವುದು, ಪುಟದ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕುವುದು, ಒಪ್ಪಿಗೆಯಾಗದ ಮಾತಿಗೆ ಅದರ ಪಕ್ಕದಲ್ಲಿಯೇ ಮರುಮಾತು ಬರೆಯುವುದು, ಇವೆಲ್ಲವನ್ನೂ ಸೇರಿಸಿ ಅಂಚುಬರಹ ಎನ್ನುವುದಾದರೆ, ಆ ಅಭ್ಯಾಸದ ಬಗ್ಗೆ ಗ್ರಂಥಾಲಯದ ನಿಯಮಾವಳಿ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟು ಮುಗಿಸುತ್ತದೆ. ಗ್ರಂಥಸಂಪಾದನ ಶಾಸ್ತ್ರಕ್ಕೆ, ಎಂದರೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಕೃತಿಯ ಪಾಠವನ್ನು ನಿರ್ಣಯಿಸುವ ವಿದ್ಯೆಗೆ, ಅಷ್ಟು ಬೇಗ ತೀರ್ಪು ಕೊಡಲು ಸಾಧ್ಯವಾಗುವುದಿಲ್ಲ. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ, ಇನ್ನೊಬ್ಬರು ಓಲೆಗರಿಗಳ ನಡುವೆ ವಯಸ್ಸು ಕಳೆದ ನಿವೃತ್ತ ಪ್ರಾಧ್ಯಾಪಕರು. ಪುಸ್ತಕದ ಮೇಲಿನ ಪ್ರೀತಿಯಲ್ಲಿ ಇಬ್ಬರಿಗೂ ಕೊರತೆಯಿಲ್ಲವಾದರೂ ಪುಟದ ಮೇಲೆ ಪೆನ್ಸಿಲು ಆಡಬಹುದೇ ಎಂಬಲ್ಲಿ ಅವರ ದಾರಿ ಬೇರೆಯಾಗುತ್ತದೆ.

ಗ್ರಂಥಪಾಲಕಿ ತಮ್ಮ ಪಕ್ಷವನ್ನು ಮೊದಲು ಮುಂದಿಟ್ಟರು. "ಸರ್, ಸ್ವಂತ ಪುಸ್ತಕದಲ್ಲಿ ಯಾರು ಏನು ಬರೆದುಕೊಂಡರೂ ಗ್ರಂಥಾಲಯಕ್ಕೆ ಅದರ ಗೊಡವೆಯಿಲ್ಲ. ಎರವಲು ಒಯ್ದ ಪುಸ್ತಕದ ಮಾತು ಬೇರೆ, ಏಕೆಂದರೆ ಅಲ್ಲಿ ಎಳೆದ ಒಂದು ಗೆರೆ ಮುಂದಿನ ಓದುಗರ ಕಣ್ಣನ್ನು ತನ್ನ ಕಡೆಗೇ ಎಳೆಯುತ್ತದೆ. ಗೆರೆಯಿಲ್ಲದ ಸಾಲುಗಳು ಮುಖ್ಯವಲ್ಲದವು ಎಂಬ ಭಾವನೆಯನ್ನು, ಯಾರೂ ಹೇಳದೆಯೇ, ಹುಟ್ಟಿಸುತ್ತದೆ. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದೂ ಒಂದು. ಗೆರೆ ಎಳೆದ ಪುಸ್ತಕ ಕೈಗೆ ಬಂದವನಿಗೆ ಸಿಗುವುದು ಅವನ ಪುಸ್ತಕವಲ್ಲ, ಹಿಂದಿನವನು ಓದಿ ಮುಗಿಸಿದ ಪುಸ್ತಕ."

"ಅದೇ ರಂಗನಾಥನ್ ಅವರ ಮೊದಲ ಸೂತ್ರ ಪುಸ್ತಕಗಳಿರುವುದು ಬಳಕೆಗೆ ಎನ್ನುತ್ತದಲ್ಲ ಮೇಡಂ," ಎಂದು ಪ್ರಾಧ್ಯಾಪಕರು ನಕ್ಕರು. ಬೆಂಗಳೂರಿನಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಆ ಹಿರಿಯರ ಮಾತನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆಯಬಹುದಾಗಿದ್ದರಿಂದ ಆ ಎಳೆದಾಟವನ್ನು ಅಲ್ಲಿಗೇ ಬಿಡಲಾಯಿತು. ಬಳಕೆಯಾಯಿತೆಂಬುದಕ್ಕೆ ಸಾಕ್ಷಿ ಯಾವುದು ಎಂಬುದು ಪ್ರಾಧ್ಯಾಪಕರು ಕೇಳಬಯಸಿದ ನಿಜವಾದ ಪ್ರಶ್ನೆಯಾಗಿತ್ತು. ಪುಸ್ತಕ ಮಾರಾಟವಾದದ್ದಕ್ಕೆ ಲೆಕ್ಕ ಸಿಗುತ್ತದೆ, ಎರವಲು ಹೋದದ್ದಕ್ಕೆ ದಿನಾಂಕದ ಮುದ್ರೆ ಇರುತ್ತದೆ, ಆದರೆ ಓದು ನಡೆಯಿತೇ ಇಲ್ಲವೇ ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಇದಕ್ಕೆ ಅವರು ಆರಿಸಿಕೊಂಡ ಉದಾಹರಣೆ ಕೊಪರ್ನಿಕಸ್‌ನ ಗ್ರಂಥ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂದು ಗಣಿತದ ಆಧಾರದಿಂದ ಪ್ರತಿಪಾದಿಸಿದ 'ಡಿ ರೆವಲ್ಯೂಷನಿಬಸ್' 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು, 1566ರಲ್ಲಿ ಬಾಸೆಲ್‌ನಿಂದ ಎರಡನೆಯ ಮುದ್ರಣ ಹೊರಬಂತು. ಆರ್ಥರ್ ಕೋಸ್ಲರ್ 1959ರಲ್ಲಿ ಬರೆದ ಖಗೋಳವಿಜ್ಞಾನದ ಇತಿಹಾಸದಲ್ಲಿ ಅದನ್ನು ಯಾರೂ ಓದದ ಪುಸ್ತಕವೆಂದು ತಳ್ಳಿಹಾಕಿದ; ಗ್ರಂಥ ಅಷ್ಟು ಕಠಿಣವಾಗಿದ್ದುದರಿಂದ ಆ ಮಾತು ನಂಬುವಂತೆಯೂ ಇತ್ತು. "ಅದನ್ನು ಪರೀಕ್ಷಿಸಿದವರು ಹಾರ್ವರ್ಡಿನ ಖಗೋಳವಿಜ್ಞಾನಿ ಓವೆನ್ ಗಿಂಗರಿಚ್. 1970ರಲ್ಲಿ ಎಡಿನ್‌ಬರೋದ ವೀಕ್ಷಣಾಲಯದಲ್ಲಿದ್ದ ಒಂದು ಪ್ರತಿಯನ್ನು ತೆರೆದಾಗ ಅದು ಮೊದಲಿನಿಂದ ಕೊನೆಯವರೆಗೆ ಟಿಪ್ಪಣಿಗಳಿಂದ ತುಂಬಿತ್ತು. ಬರೆದವನು ವಿಟನ್‌ಬರ್ಗಿನ ಗಣಿತದ ಪ್ರಾಧ್ಯಾಪಕ ಎರಾಸ್ಮಸ್ ರೈನ್‌ಹೋಲ್ಡ್. ಯಾರೂ ಓದದ ಪುಸ್ತಕದ ಮೊದಲ ಪ್ರತಿಯಲ್ಲಿಯೇ ಇಂಥ ಓದುಗ ಸಿಕ್ಕರೆ ಉಳಿದ ಪ್ರತಿಗಳಲ್ಲಿ ಏನಿರಬಹುದು ಎಂಬ ಕುತೂಹಲ ಅವರನ್ನು ಮೂರು ದಶಕಗಳ ಕಾಲ ದೇಶದೇಶಗಳ ಗ್ರಂಥಾಲಯಗಳಿಗೆ ಅಲೆಸಿತು. ಎರಡೂ ಮುದ್ರಣಗಳ ಸುಮಾರು 600 ಪ್ರತಿಗಳನ್ನು ಅವರು ಒಂದೊಂದಾಗಿ ನೋಡಿ, 2002ರಲ್ಲಿ ಅವುಗಳ ಸಮಗ್ರ ಸೂಚಿಯನ್ನು ಪ್ರಕಟಿಸಿದರು."

ಗ್ರಂಥಪಾಲಕಿ ಈ ಕಥೆಯನ್ನು ಬಲ್ಲವರೇ. ಆದರೂ ಅವರ ಸಂದೇಹ ಉಳಿದಿತ್ತು: ಟಿಪ್ಪಣಿ ಇದ್ದ ಮಾತ್ರಕ್ಕೆ ಓದು ನಡೆಯಿತೆನ್ನಬಹುದೇ ಹೊರತು, ಏನನ್ನು ಓದಿದರು, ಹೇಗೆ ಓದಿದರು ಎನ್ನುವುದು ಅದರಿಂದ ತಿಳಿಯುತ್ತದೆಯೇ?

"ಅಲ್ಲಿಯೇ ಅಂಚುಬರಹ ತನ್ನ ಬೆಲೆ ತೋರಿಸುವುದು," ಎಂದು ಪ್ರಾಧ್ಯಾಪಕರು ವಿವರಿಸತೊಡಗಿದರು. "ಇಂದಿನವರು ಆ ಗ್ರಂಥದಲ್ಲಿ ಹುಡುಕುವುದು ಮೊದಲ ಭಾಗದ ಸೂರ್ಯಕೇಂದ್ರವಾದವನ್ನು. ರೈನ್‌ಹೋಲ್ಡನ ಲೇಖನಿ ಆ ಪುಟಗಳಲ್ಲಿ ಹೆಚ್ಚು ಹೊತ್ತು ನಿಂತಿಲ್ಲ. ಅದು ದಟ್ಟವಾಗಿ ಓಡಾಡಿರುವುದು ಗ್ರಹಗಳ ಚಲನೆಯ ಲೆಕ್ಕಾಚಾರವಿರುವ ಮುಂದಿನ ಭಾಗಗಳಲ್ಲಿ. ಕಾರಣವಿಷ್ಟೆ. ಪ್ರಾಚೀನ ಕಾಲದ ಟಾಲೆಮಿ ತನ್ನ ಗಣಿತದಲ್ಲಿ ಈಕ್ವಂಟ್ ಎಂಬ ಒಂದು ಬಿಂದುವನ್ನು ಕಲ್ಪಿಸಿದ್ದ; ಗ್ರಹದ ವೃತ್ತದ ಕೇಂದ್ರದಿಂದ ಸ್ವಲ್ಪ ಸರಿದು ನಿಂತ ಆ ಬಿಂದುವಿನಿಂದ ನೋಡಿದಾಗ ಮಾತ್ರ ಗ್ರಹದ ವೇಗ ಸಮನಾಗಿ ಕಾಣುತ್ತಿತ್ತು. ಆಕಾಶದ ಚಲನೆಯೆಲ್ಲ ಸಮವೇಗದ ವೃತ್ತಚಲನೆಯೇ ಆಗಿರಬೇಕೆಂದು ನಂಬಿದವರಿಗೆ ಇದು ಶಾಸ್ತ್ರದೊಳಗೆ ನುಸುಳಿದ ಮೋಸವೆನಿಸಿತ್ತು. ಕೊಪರ್ನಿಕಸ್ ಅದನ್ನು ಬಿಟ್ಟು ಲೆಕ್ಕ ಮಾಡಿ ತೋರಿಸಿದ. ರೈನ್‌ಹೋಲ್ಡನಿಗೆ ಹಬ್ಬವಾದದ್ದು ಅದೇ. ಭೂಮಿ ತಿರುಗುತ್ತದೆಯೋ ಇಲ್ಲವೋ ಎಂಬುದು ಅವನಿಗೆ ಎರಡನೆಯ ಮಾತು. ಗ್ರಂಥವೊಂದು ತನ್ನ ಕಾಲದಲ್ಲಿ ಯಾವ ಕಾರಣಕ್ಕೆ ಪ್ರಿಯವಾಯಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರಾವ ದಾಖಲೆಯೂ ಹೇಳಲಾರದು."

ಇದನ್ನು ಒಪ್ಪಿಕೊಂಡ ಗ್ರಂಥಪಾಲಕಿ, ಒಬ್ಬ ಓದುಗನ ಒಲವನ್ನು ಇಡೀ ಕಾಲದ ಒಲವೆನ್ನುವುದು ಹೇಗೆ ಎಂದು ಕೇಳಿದರು. ಉತ್ತರ ಅವರು ನಿರೀಕ್ಷಿಸದ ಕಡೆಯಿಂದ ಬಂತು. ರೈನ್‌ಹೋಲ್ಡನ ಟಿಪ್ಪಣಿಗಳು ಅವನ ಪ್ರತಿಗಷ್ಟೇ ಸೀಮಿತವಾಗಿರಲಿಲ್ಲ. ಅವೇ ಮಾತುಗಳು ಬೇರೆ ಬೇರೆ ಕೈಬರಹಗಳಲ್ಲಿ ಬೇರೆ ಪ್ರತಿಗಳ ಅಂಚುಗಳಲ್ಲಿಯೂ ಗಿಂಗರಿಚ್‌ಗೆ ಸಿಕ್ಕವು. ಗುರುವಿನ ಪುಸ್ತಕದಿಂದ ಶಿಷ್ಯನ ಪುಸ್ತಕಕ್ಕೆ, ಅಲ್ಲಿಂದ ಶಿಷ್ಯನ ಶಿಷ್ಯನ ಪುಸ್ತಕಕ್ಕೆ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿಕೊಳ್ಳುತ್ತಿದ್ದರು. "ಅಂಚುಬರಹವೆಂದರೆ ಒಂಟಿಯಾಗಿ ಕೂತ ಓದುಗನ ಗುಟ್ಟಿನ ಗೊಣಗಾಟ ಎಂಬ ತಿಳಿವಳಿಕೆಯನ್ನು ಈ ಪ್ರತಿಗಳು ತಲೆಕೆಳಗು ಮಾಡುತ್ತವೆ," ಎಂದರು ಪ್ರಾಧ್ಯಾಪಕರು. "ಆ ಅಂಚುಗಳಲ್ಲಿ ಪಾಠ ನಡೆಯುತ್ತಿತ್ತು. ಪಾಠ ಹೇಳಿದವನು ತೀರಿಕೊಂಡ ಮೇಲೂ, ಅವನನ್ನು ಎಂದೂ ನೋಡದ ಊರುಗಳಲ್ಲಿಯೂ ಅದು ಮುಂದುವರಿಯಿತು."

"ಹಾಗಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ನಡೆಯುವುದೂ ಇದೇ ಅಲ್ಲವೇ ಸರ್? ಹುಡುಗರು ಪಠ್ಯಪುಸ್ತಕ ಕೊಳ್ಳುವಾಗ ಹಿಂದಿನವನು ಗೆರೆ ಎಳೆದು, ಪಕ್ಕದಲ್ಲಿ ಐಎಂಪಿ ಎಂದು ಬರೆದು, ಯಾವ ಪ್ರಶ್ನೆ ಯಾವ ವರ್ಷ ಬಂದಿತ್ತೆಂದು ಗುರುತು ಹಾಕಿದ ಪ್ರತಿಯನ್ನೇ ಆರಿಸುತ್ತಾರೆ. ಅಲ್ಲಿ ಗುರುತು ಹಾಕಿದ ಪುಸ್ತಕವೇ ಉಪಯೋಗದ್ದು."

"ವಿಟನ್‌ಬರ್ಗಿನ ಪರಂಪರೆ ಎಂದು ಅದನ್ನು ಕರೆಯಲು ಧೈರ್ಯ ಸಾಲದು. ಆದರೂ ಕೆಲಸ ಅದೇ," ಎಂದು ಅವರು ಒಪ್ಪಿಕೊಂಡರು.

ಇಷ್ಟು ಸಲುಗೆ ಸಿಕ್ಕೊಡನೆ ಗ್ರಂಥಪಾಲಕಿ ಎದುರು ಪ್ರಶ್ನೆಯನ್ನು ಹಾಕಿದರು. ಟಿಪ್ಪಣಿಗಳು ಹೀಗೆ ಕೈಯಿಂದ ಕೈಗೆ ಹೋಗುವುದಾದರೆ, ಯಾವ ಮಾತು ಯಾರದೆಂದು ಹೇಳುವುದು ಹೇಗೆ? ಹೆಸರು ಬರೆಯದ ಕೈಬರಹವನ್ನು ದೊಡ್ಡವರೊಬ್ಬರ ತಲೆಗೆ ಕಟ್ಟುವ ಆಸೆ ವಿದ್ವಾಂಸರಿಗೂ ಬಂದೀತಲ್ಲವೇ? ಪ್ರಾಧ್ಯಾಪಕರು ಈ ಪ್ರಶ್ನೆಗೆ ತಲೆದೂಗಲೇಬೇಕಾಯಿತು, ಏಕೆಂದರೆ ಅದಕ್ಕೂ ಅದೇ ಗ್ರಂಥದಲ್ಲಿ ನಿದರ್ಶನವಿದೆ. ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಒಂದು ಪ್ರತಿಯ ಟಿಪ್ಪಣಿಗಳು ಡೆನ್ಮಾರ್ಕಿನ ಪ್ರಸಿದ್ಧ ಖಗೋಳವೀಕ್ಷಕ ಟೈಕೋ ಬ್ರಾಹೆಯವೆಂದು 1970ರ ದಶಕದಲ್ಲಿ ಗಿಂಗರಿಚ್ ನಂಬಿದ್ದರು. ಪ್ರಾಗ್‌ನಲ್ಲಿರುವ ಇನ್ನೊಂದು ಪ್ರತಿಯ ಬರಹವೂ ಅವನದೆಂದೇ ಪ್ರತೀತಿಯಾಗಿತ್ತು. ಅದೇ ಕೈಬರಹದ ಇನ್ನಷ್ಟು ಪ್ರತಿಗಳು ಬೇರೆ ಊರುಗಳಲ್ಲಿ ಸಿಕ್ಕಿದ ಮೇಲೆ, ಆ ಟಿಪ್ಪಣಿಗಳು ಬ್ರೆಸ್ಲಾವಿನ ಪಾಲ್ ವಿಟ್ಟಿಖ್ ಎಂಬ, ತನ್ನ ಹೆಸರಿನಲ್ಲಿ ಒಂದು ಗ್ರಂಥವನ್ನೂ ಅಚ್ಚುಮಾಡಿಸದೆ ಊರೂರು ತಿರುಗಿದ ಗಣಿತಜ್ಞನವೆಂದು ಖಚಿತವಾಯಿತು. ರಾಬರ್ಟ್ ವೆಸ್ಟ್‌ಮನ್ ಅವರೊಡನೆ ಸೇರಿ ಗಿಂಗರಿಚ್ 1988ರಲ್ಲಿ ಈ ಹೊಸ ನಿರ್ಣಯವನ್ನು ವಿಸ್ತಾರವಾಗಿ ಪ್ರಕಟಿಸಿದರು. ವಿಟ್ಟಿಖ್‌ನ ಪ್ರತಿಭೆಗೆ ಉಳಿದ ದೊಡ್ಡ ಆಧಾರವೆಂದರೆ ಬೇರೊಬ್ಬನ ಪುಸ್ತಕದ ಅಂಚು, ಅದನ್ನೂ ಇನ್ನೊಬ್ಬನ ಲೆಕ್ಕಕ್ಕೆ ಬರೆದಿದ್ದರೆಂಬುದು ಇತಿಹಾಸದ ಕುಚೇಷ್ಟೆಗಳಲ್ಲಿ ಒಂದು.

"ಹೆಸರು ಬರೆದಿಟ್ಟರೆ ಎಷ್ಟು ಉಪಕಾರವಾಗುತ್ತದೆ ಎಂಬುದಕ್ಕೂ ಅಲ್ಲಿಯೇ ಸಾಕ್ಷಿಯಿದೆ," ಎಂದು ಪ್ರಾಧ್ಯಾಪಕರು ಮುಂದುವರಿಸಿದರು. "ಆ ಗ್ರಂಥದ ಆರಂಭದಲ್ಲಿ ಸಹಿಯಿಲ್ಲದ ಒಂದು ಮುನ್ನುಡಿಯಿದೆ, ಇಲ್ಲಿರುವುದು ಲೆಕ್ಕಕ್ಕೆ ಅನುಕೂಲವಾದ ಊಹೆಗಳು, ಇವು ನಿಜವಾಗಿರಲೇಬೇಕೆಂದಿಲ್ಲ ಎಂಬುದು ಅದರ ತಾತ್ಪರ್ಯ. ಅದನ್ನು ಕೊಪರ್ನಿಕಸನೇ ಬರೆದನೆಂದು ಹಲವರು ತಿಳಿದಿದ್ದರು. ಖಗೋಳವಿಜ್ಞಾನಿ ಕೆಪ್ಲರನ ಕೈಗೆ ಬಂದ ಪ್ರತಿ ಮೊದಲು ನ್ಯೂರೆಂಬರ್ಗಿನ ಒಬ್ಬ ಪಂಡಿತನದು. ಆ ಮುನ್ನುಡಿಯನ್ನು ಬರೆದವನು ಅಚ್ಚಿನ ಕೆಲಸ ನೋಡಿಕೊಂಡ ಧರ್ಮಪ್ರಚಾರಕ ಓಸಿಯಾಂಡರ್ ಎಂದು ಆ ಪಂಡಿತ ಅಲ್ಲಿಯೇ ಗುರುತು ಮಾಡಿಟ್ಟಿದ್ದ. ಕೆಪ್ಲರ್ 1609ರ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ಬಹಿರಂಗಪಡಿಸಿದ. ಗೆರೆ ಎಳೆಯಲು ಆಜ್ಞೆಯೇ ಆದ ಸಂದರ್ಭವೂ ಉಂಟು: 1616ರಲ್ಲಿ ರೋಮಿನ ಧರ್ಮಪೀಠ ಈ ಗ್ರಂಥವನ್ನು ತಿದ್ದುವವರೆಗೆ ತಡೆಹಿಡಿದು, 1620ರಲ್ಲಿ ತಿದ್ದಬೇಕಾದ ಸಾಲುಗಳ ಪಟ್ಟಿ ಕೊಟ್ಟಿತು. ಇಟಲಿಯಲ್ಲಿದ್ದ ಪ್ರತಿಗಳಲ್ಲಿ ಹೆಚ್ಚಿನವು ಹಾಗೆ ತಿದ್ದಲ್ಪಟ್ಟವು, ಹೊರಗೆ ಆ ಆಜ್ಞೆಯನ್ನು ಪಾಲಿಸಿದವರು ಕಡಮೆ. ಗೆಲಿಲಿಯೋನ ಪ್ರತಿಯಲ್ಲಿ ಗೆರೆ ಎಳೆದಿರುವುದು ಎಷ್ಟು ತೆಳುವಾಗಿ ಎಂದರೆ ಕೆಳಗಿನ ಸಾಲನ್ನು ಸಲೀಸಾಗಿ ಓದಬಹುದು."

ಗ್ರಂಥಪಾಲಕಿಗೆ ಈ ಕೊನೆಯ ಸಂಗತಿ ಬಹಳ ಹಿಡಿಸಿತು. ಆದರೆ ಅವರು ಮಾತನ್ನು ಪ್ರಾಧ್ಯಾಪಕರ ಸ್ವಂತ ಕ್ಷೇತ್ರಕ್ಕೆ ತಿರುಗಿಸಿದರು. ಓಲೆಗರಿಯ ಮೇಲೆ ಓದುಗರು ಬರೆದದ್ದರಿಂದ ಕನ್ನಡ ಕಾವ್ಯಗಳಿಗೆ ಉಪಕಾರವಾಯಿತೇ, ಅಪಕಾರವಾಯಿತೇ?

ಈ ಪ್ರಶ್ನೆಗೆ ಉತ್ತರಿಸುವಾಗ ಪ್ರಾಧ್ಯಾಪಕರ ದನಿಯಲ್ಲಿ ಮೊದಲಿನ ಉತ್ಸಾಹವಿರಲಿಲ್ಲ. ಅವರು ವಿವರಿಸಿದ್ದು ಹೀಗೆ. ತಾಳೆಯ ಗರಿಯ ಮೇಲೆ ಕಂಠ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಕೊರೆದು ಆಮೇಲೆ ಮಸಿ ತೊಡೆಯುವ ಕ್ರಮದಲ್ಲಿ, ಒಮ್ಮೆ ಕೊರೆದದ್ದನ್ನು ಅಳಿಸಿ ಬರೆಯುವಂತಿಲ್ಲ. ಬಿಟ್ಟುಹೋದ ಅಕ್ಷರವನ್ನು ಸೇರಿಸಬೇಕಾದಾಗ ಹಂಸಪಾದ, ಎಂದರೆ ಹಕ್ಕಿಯ ಹೆಜ್ಜೆಯಂಥ ಸಣ್ಣ ಗುರುತು, ಹಾಕಿ ಅದನ್ನು ಸಾಲಿನ ಮೇಲೋ ಅಂಚಿನಲ್ಲಿಯೋ ಬರೆಯುತ್ತಿದ್ದರು. ಅದೇ ಕಿರಿದಾದ ಜಾಗದಲ್ಲಿ ಓದುಗನೊಬ್ಬ ಕಠಿಣ ಪದದ ಅರ್ಥವನ್ನೋ, ತನಗೆ ನೆನಪಾದ ಸಮಾನ ಪದ್ಯವನ್ನೋ ಬರೆದಿಟ್ಟರೆ, ಮುಂದೆ ಆ ಗರಿಯನ್ನು ಪ್ರತಿಮಾಡುವ ಲಿಪಿಕಾರನಿಗೆ ಇದು ಬಿಟ್ಟುಹೋದ ಪಾಠವೋ, ಯಾರದೋ ಟಿಪ್ಪಣಿಯೋ ತಿಳಿಯುವುದಿಲ್ಲ. ಅವನು ಅದನ್ನು ನಿಷ್ಠೆಯಿಂದ ಕಾವ್ಯದೊಳಗೆ ಸೇರಿಸಿಬಿಡುತ್ತಾನೆ. ಮೂಲದಲ್ಲಿಲ್ಲದೆ ಹೀಗೆ ಸೇರಿಕೊಂಡ ಭಾಗಕ್ಕೆ ಪ್ರಕ್ಷಿಪ್ತ ಎಂದು ಹೆಸರು; ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆ ಲಿಪಿಕಾರರ ತಪ್ಪುಗಳ ಎಷ್ಟು ಬಗೆಗಳಿವೆಯೆಂದು ಗೊತ್ತು. ಬೆಡಗಿನ ವಚನಗಳಿಗೆ ಬರೆದ ಟೀಕುಗಳ ಹಾಗೆ ವ್ಯಾಖ್ಯಾನ ತಾನು ವ್ಯಾಖ್ಯಾನವೆಂದು ಹೇಳಿಕೊಂಡು ಮೂಲದ ಜೊತೆಗೆ ಬಂದಾಗ ತೊಂದರೆಯಿಲ್ಲ. ಹೆಸರು ಹೇಳದೆ ಸಾಲಿನ ನಡುವೆ ಕೂತ ಟಿಪ್ಪಣಿಯೇ ಸಂಪಾದಕನ ನಿದ್ದೆ ಕೆಡಿಸುವುದು.

"ಎಂದರೆ ಸರ್, ಗ್ರಂಥಾಲಯದ ನಿಯಮವನ್ನು ನೀವೇ ಸಮರ್ಥಿಸಿದಂತಾಯಿತು."

"ಅರ್ಧ ಸಮರ್ಥಿಸಿದಂತಾಯಿತು ಎನ್ನಿ. ಉಳಿದರ್ಧಕ್ಕೆ ವೆನಿಸ್ ನಗರದ ಹತ್ತನೆಯ ಶತಮಾನದ ಇಲಿಯಡ್ ಹಸ್ತಪ್ರತಿಯನ್ನು ನೋಡಬೇಕು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಅರಿಸ್ಟಾರ್ಕಸ್ ಹೋಮರನ ಕಾವ್ಯವನ್ನು ಸಂಪಾದಿಸಿದಾಗ, ಹೋಮರನದಲ್ಲವೆಂದು ತನಗೆ ಅನಿಸಿದ ಸಾಲುಗಳನ್ನು ಕಿತ್ತುಹಾಕದೆ, ಅವುಗಳ ಎದುರಿಗೆ ಅಡ್ಡಗೆರೆಯೊಂದನ್ನು ಹಾಕುವ ಕ್ರಮವನ್ನು ಅನುಸರಿಸಿದ; ಗಮನಾರ್ಹವಾದ ಸಾಲಿಗೆ ಬೇರೆ ಗುರುತು, ಬೇರೆಡೆಯೂ ಬರುವ ಸಾಲಿಗೆ ಇನ್ನೊಂದು. ಆ ಗುರುತುಗಳೂ ಅವುಗಳ ವಿವರಣೆಯೂ ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಬರೆದ ವೆನಿಸ್ ಪ್ರತಿಯ ಅಂಚುಗಳಲ್ಲಿ ಉಳಿದು ಬಂದು, 1788ರಲ್ಲಿ ಅಚ್ಚಾದಾಗ ಹೋಮರನ ಕಾವ್ಯ ಹೇಗೆ ರೂಪುಗೊಂಡಿತೆಂಬ ಚರ್ಚೆಯೇ ಹೊಸದಾಗಿ ಹುಟ್ಟಿತು. ಮೂಲ ಮೂಲವಾಗಿಯೇ ಉಳಿಯಿತು, ಸಂಶಯ ಸಂಶಯವಾಗಿಯೇ ಉಳಿಯಿತು. ಅಂಚಿನಲ್ಲಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ."

ಸ್ವಂತ ಪುಸ್ತಕಕ್ಕೂ ಎರವಲು ಪುಸ್ತಕಕ್ಕೂ ಇರುವ ಭೇದವನ್ನು ದೊಡ್ಡವರು ಪಾಲಿಸಿದರೇ ಎಂಬ ಗ್ರಂಥಪಾಲಕಿಯ ಪ್ರಶ್ನೆ ಸ್ವಲ್ಪ ಹೊತ್ತು ನಗೆಗೆ ಅವಕಾಶ ಕೊಟ್ಟಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ನಿಘಂಟಿಗೆ ಪ್ರಯೋಗಗಳನ್ನು ಆರಿಸುವಾಗ, ಸ್ವಂತದ್ದೋ ಎರವಲೋ ಎಂದು ನೋಡದೆ ಪುಸ್ತಕಗಳಲ್ಲಿ ಬೇಕಾದ ಪದದ ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಪದದ ಮೊದಲ ಅಕ್ಷರವನ್ನು ಅಂಚಿನಲ್ಲಿ ಬರೆದು ನಕಲುಗಾರರ ಕೈಗೆ ಕೊಡುತ್ತಿದ್ದ. ಸುಲಭವಾಗಿ ಅಳಿಸಲಾಗುವಷ್ಟು ಹಗುರವಾಗಿ ಗೆರೆ ಎಳೆಯುತ್ತಿದ್ದನೆಂದು ಅವನ ಜೀವನಚರಿತ್ರೆಕಾರ ಬಾಸ್‌ವೆಲ್ ಹೇಳಿ, ಆ ಅಳಿಸುವ ಶ್ರಮವನ್ನು ಯಾರೂ ವಹಿಸದ ಪುಸ್ತಕಗಳನ್ನೂ ಕಂಡಿದ್ದಾಗಿ ಮೆಲ್ಲಗೆ ಸೇರಿಸುತ್ತಾನೆ. ಕವಿ ಕೋಲ್‌ರಿಜ್‌ನ ವಿಷಯದಲ್ಲಿ ಎಲ್ಲವೂ ತಿರುವುಮುರುವು: ಅವನು ಎರವಲು ಒಯ್ದ ಪುಸ್ತಕದಲ್ಲಿ ಬರೆಯಲೆಂದೇ ಗೆಳೆಯರು ಕಾಯುತ್ತಿದ್ದರು, ಹಾಗೆ ಹಿಂದಿರುಗಿದ ಪುಸ್ತಕದ ಬೆಲೆ ಹೆಚ್ಚಿತೆಂದು ಚಾರ್ಲ್ಸ್ ಲ್ಯಾಂಬ್ ಪ್ರಬಂಧವನ್ನೇ ಬರೆದ. ಅವನ ಅಂಚುಬರಹಗಳು ಈಗ ಆರು ದಪ್ಪ ಸಂಪುಟಗಳಾಗಿವೆ. ಯಾರೋ ಓದುತ್ತಾರೆಂದು ತಿಳಿದು ಬರೆದ ಆ ಟಿಪ್ಪಣಿಗಳಲ್ಲಿ ಸ್ವಲ್ಪ ವೇದಿಕೆಯ ಗತ್ತು ಬೆರೆತಿದೆ ಎಂಬುದು ಪ್ರಾಧ್ಯಾಪಕರ ಅಭಿಪ್ರಾಯ. ಅವರಿಗೆ ಡಾರ್ವಿನ್ನನೇ ಹೆಚ್ಚು ಪ್ರಿಯ. ಪುಸ್ತಕವನ್ನು ಉಪಕರಣವೆಂದಷ್ಟೇ ಕಂಡ ಆತ ದಪ್ಪ ಸಂಪುಟ ಹಿಡಿಯಲು ಕಷ್ಟವಾದರೆ ಎರಡಾಗಿ ಸೀಳುತ್ತಿದ್ದ, ಓದಿ ಮುಗಿಸಿದ ಮೇಲೆ ಉಪಯೋಗದ ಪುಟಗಳ ಪಟ್ಟಿಯನ್ನು ಕೊನೆಯಲ್ಲಿ ಸೇರಿಸುತ್ತಿದ್ದ. ಅವನ ಸಂಗ್ರಹದ 1,480 ಪುಸ್ತಕಗಳಲ್ಲಿ 730ರ ಅಂಚುಗಳಲ್ಲಿ ಸಂಶೋಧನೆಯ ಟಿಪ್ಪಣಿಗಳು ತುಂಬಿವೆ. ಒಂದು ಪ್ರಮೇಯದ ಸಾಧನೆಗೆ ಪುಸ್ತಕದ ಅಂಚಿನಲ್ಲಿ ಜಾಗ ಸಾಲದೆಂದು ಗಣಿತಜ್ಞ ಫರ್ಮಾ ಬರೆದಿಟ್ಟ ಟಿಪ್ಪಣಿಯ ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೆ ಅವನು ಬರೆದನೆನ್ನುವ ಆ ಪ್ರತಿಯೇ ಕಳೆದುಹೋಗಿದೆ. ಉಳಿದಿರುವುದು ಮಗ 1670ರಲ್ಲಿ ಅಚ್ಚುಹಾಕಿಸಿದ ಪಾಠ ಮಾತ್ರ.

"ಆದರೆ ಇವರೆಲ್ಲ ಬರೆಯುವ ಸ್ವಭಾವದವರು," ಎಂದು ಗ್ರಂಥಪಾಲಕಿ ತಡೆದರು. "ಪುಸ್ತಕವನ್ನು ಪೂಜೆಯ ವಸ್ತುವಿನಂತೆ ಕಂಡು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದವರು ಅದರ ಮೇಲೆ ಗೆರೆ ಎಳೆಯುವುದಿಲ್ಲ. ಒಂದೇ ಗ್ರಂಥವನ್ನು ಜೀವನವಿಡೀ ಪಾರಾಯಣ ಮಾಡಿ ಬಾಯಿಪಾಠ ಮಾಡಿಕೊಂಡವರಿಗೆ ಗುರುತಿನ ಅಗತ್ಯವೂ ಬೀಳುವುದಿಲ್ಲ. ಗುರುತುಗಳನ್ನೇ ನಂಬಿ ಓದಿನ ಚರಿತ್ರೆ ಬರೆದರೆ ಇವರೆಲ್ಲ ಓದಲೇ ಇಲ್ಲವೆಂದಾಗುತ್ತದೆ."

ಇದು ಇಡೀ ಸಂವಾದದಲ್ಲಿ ಬಂದ ಅತ್ಯಂತ ಗಟ್ಟಿಯಾದ ಆಕ್ಷೇಪ. ಪ್ರಾಧ್ಯಾಪಕರ ಬಳಿ ಇದಕ್ಕೆ ಪೂರ್ಣವಾದ ಉತ್ತರವಿರಲಿಲ್ಲ. ಖಾಲಿ ಅಂಚು ಓದಿಲ್ಲವೆನ್ನುವುದಕ್ಕೆ ಪ್ರಮಾಣವಾಗದು ಎಂದಷ್ಟೇ ಹೇಳಿ, ಗಂಧ, ಎಣ್ಣೆ, ಬೆರಳಿನ ಜಿಡ್ಡು, ಮೂಲೆಯ ಸವೆತ ಇವೂ ಓದಿನ ಗುರುತುಗಳೇ ಆದರೂ ಅವು ಯಾವ ಪುಟ ತೆರೆಯಿತೆಂಬುದನ್ನು ಬಿಟ್ಟು ಹೆಚ್ಚೇನನ್ನೂ ತಿಳಿಸಲಾರವು ಎಂದು ಒಪ್ಪಿಕೊಂಡರು. ಹಾಗಿದ್ದರೂ ಸಾಕ್ಷಿ ವಿರಳವಾಗಿರುವುದರಿಂದಲೇ ಇರುವಷ್ಟನ್ನು ಕಾಪಾಡಬೇಕಲ್ಲವೇ ಎಂಬುದು ಅವರ ವಾದ. ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಒಂದನ್ನು ರದ್ದಿಗೆ ಹಾಕಬೇಕಾದಾಗ ಗ್ರಂಥಾಲಯಗಳು ಶುಭ್ರವಾದುದನ್ನು ಉಳಿಸಿಕೊಂಡು ಗೀಚಿದ್ದನ್ನು ತೆಗೆದುಹಾಕುತ್ತವೆ. ಡಿಜಿಟಲ್ ರೂಪಕ್ಕೆ ತರುವಾಗಲೂ ಆರಿಸುವುದು ಶುಭ್ರ ಪ್ರತಿಯನ್ನೇ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಆರಂಭವಾದ 'ಬುಕ್ ಟ್ರೇಸಸ್' ಯೋಜನೆ ಸಾಮಾನ್ಯ ಕಪಾಟುಗಳಲ್ಲಿರುವ ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳನ್ನು ತೆರೆದು ಓದುಗರ ಗುರುತುಗಳನ್ನು ದಾಖಲಿಸಲು ಹೊರಟದ್ದು ಈ ಆತಂಕದಿಂದಲೇ.

"ಅಂಥ ಕೆಲಸ ಇಲ್ಲಿ ಆಗಬೇಕಾದರೆ ರದ್ದಿಗೆ ಹೋಗುವ ಪ್ರತಿಯೊಂದು ಪುಸ್ತಕವನ್ನೂ ಪುಟಪುಟವಾಗಿ ತಿರುವಿ ನೋಡುವ ಜನ ಬೇಕು ಸರ್. ಗೀಚಿದ ಪುಟಗಳಲ್ಲಿ ಹೆಚ್ಚಿನವು ಪರೀಕ್ಷೆಯ ಗುರುತುಗಳು, ಕೆಲವು ಮೊಬೈಲ್ ನಂಬರುಗಳು."

"ವಿಟನ್‌ಬರ್ಗಿನ ಅಂಚುಗಳೂ ಪಾಠದ ಗುರುತುಗಳೇ ಆಗಿದ್ದವು. ಇವತ್ತಿನ ಪರೀಕ್ಷೆಯ ಗುರುತು ನಾನೂರು ವರ್ಷಗಳಾಚೆ ಏನು ಹೇಳೀತೆಂದು ಈಗಲೇ ತೀರ್ಮಾನಿಸುವುದು ಬೇಡ. ನಿಯಮವನ್ನು ಬದಲಿಸಬೇಕಾಗಿಲ್ಲ. ಬರೆಯಬೇಡಿರೆಂದು ಫಲಕ ಇರಲಿ, ಬರೆದವರಿಂದ ದಂಡವನ್ನೂ ವಸೂಲಿ ಮಾಡಿ. ಆದರೆ ರಸೀದಿಯಲ್ಲಿ ಬರೆದವರ ಹೆಸರು, ದಿನಾಂಕ, ಪುಸ್ತಕದ ಕ್ರಮಾಂಕ ಸ್ಪಷ್ಟವಾಗಿರಲಿ; ಆ ಕೈಬರಹ ಯಾರದೆಂದು ಮುಂದೊಂದು ದಿನ ವಿದ್ವಾಂಸನೊಬ್ಬ ಹುಡುಕಿಕೊಂಡು ಬಂದರೆ, ವಿಟ್ಟಿಖ್‌ಗೆ ಇಲ್ಲದಿದ್ದ ಅದೃಷ್ಟ ಈ ಓದುಗನಿಗಾದರೂ ಸಿಗಲಿ."

ಗ್ರಂಥಪಾಲಕಿ ಇದನ್ನು ತಮಾಷೆಯೆಂದು ತಳ್ಳಿಹಾಕಲಿಲ್ಲ. ದಂಡದ ರಸೀದಿಪುಸ್ತಕಗಳನ್ನು ಲೆಕ್ಕಪರಿಶೋಧನೆ ಮುಗಿದು ಕೆಲವು ವರ್ಷಗಳಾದ ಮೇಲೆ ತೂಕಕ್ಕೆ ಹಾಕಿಬಿಡುವುದು ಕಚೇರಿಯ ಪದ್ಧತಿಯೆಂದೂ, ಅದನ್ನು ನಿಲ್ಲಿಸಬೇಕಾದರೆ ಪ್ರತ್ಯೇಕ ಆದೇಶ ಬೇಕಾಗುತ್ತದೆಂದೂ ಅವರು ತಿಳಿಸಿದರು.